ಹೊರಹೋಗುವ ಮೇಲ್ ಕಾಯುವ ಸುಂದರಾಬಾಯಿ

ಬೆಳಗಿನ ಐದೂ ಮುಕ್ಕಾಲು. ಶ್ರೀನಿವಾಸಪುರದ ಹೊರಗಿನ ಮಾವಿನ ತಿರುಳಿನ ಕಾರ್ಖಾನೆಯ ಗೇಟಿನಲ್ಲಿ ಹಣ್ಣಿನ ಲಾರಿಗಳು ಸಾಲುಗಟ್ಟಿ ನಿಂತಿವೆ. ಒಳಗೆ, ಉಗ್ರಾಣದ ಪಕ್ಕದ ಕಿಟಕಿಯಿಲ್ಲದ ಕೋಣೆಯಲ್ಲಿ ಸುಂದರಾಬಾಯಿ ಕನ್ನಡಕ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಹೊರಡದೆ ಉಳಿದ ಮೇಲ್‌ಗಳು ಹನ್ನೊಂದು. ಒಂದೊಂದನ್ನೇ ತೆರೆದು, ಯಾಕೆ ನಿಂತಿದೆ ಎಂದು ನೋಡುತ್ತಾರೆ. ಎರಡರಲ್ಲಿ ವಿಳಾಸ ತಪ್ಪಿದೆ. ಉಳಿದವನ್ನು ಮತ್ತೆ ಕಳಿಸಿ, ಅವು ಹೋಗುವವರೆಗೂ ಕೆನ್ನೆಗೆ ಕೈ ಕೊಟ್ಟು ಕಾಯುತ್ತಾರೆ.

ಕಾರ್ಖಾನೆಯ ಹದಿನಾಲ್ಕು ಕಂಪ್ಯೂಟರುಗಳಿಂದ ಹೊರಡುವ ಮೇಲ್ ಎಲ್ಲ ಮೊದಲು ಈ ಕೋಣೆಯ ಸರ್ವರ್‌ಗೆ ಬಂದು, ಇಲ್ಲಿಂದ ಹೊರಜಗತ್ತಿಗೆ ಹೋಗಬೇಕು. ಹಂಗಾಮಿನಲ್ಲಿ ದಿನಕ್ಕೆ ಇನ್ನೂರೈವತ್ತು. ಅದಕ್ಕೆಂದೇ ಅವರು ಮುಳಬಾಗಿಲಿನಿಂದ ಮೊದಲ ಬಸ್ಸು ಹಿಡಿಯುತ್ತಾರೆ. ಎಂಬತ್ತೈದನೇ ಇಸವಿಯಲ್ಲಿ ಟೈಪಿಸ್ಟ್ ಆಗಿ ಸೇರಿದವರು. ಆಮೇಲೆ ಟೆಲೆಕ್ಸ್ ಬಂತು, ಫ್ಯಾಕ್ಸ್ ಬಂತು, ನಾಲ್ಕು ವರ್ಷದ ಹಿಂದೆ ಈ ಸರ್ವರ್ ಬಂತು. ಪ್ರತಿ ಬಾರಿಯೂ ಹೊಸ ಯಂತ್ರವನ್ನು ಅವರ ಮೇಜಿನ ಮೇಲಿಟ್ಟು ಹೋದರು, ಹುದ್ದೆ ಮಾತ್ರ ಇಂದಿಗೂ ಟೈಪಿಸ್ಟ್. ಕೆಲಸ ಹೇಳಿಕೊಟ್ಟವರು ಯಾರೆಂದು ನಾನು ಕೇಳಿದರೆ ನಗುತ್ತಾರೆ. "ಎರರ್ ಬರುತ್ತಲ್ಲ ಸಾರ್, ಅದನ್ನ ಓದ್ತೀನಿ. ಡಿಕ್ಷನರಿ ಇಟ್ಕೊಂಡು ಓದ್ತೀನಿ. ಅದೇ ಹೇಳುತ್ತೆ."

ಕಳೆದ ಆಷಾಢದಲ್ಲಿ ಮಾತ್ರ ಅದೂ ಕೈಕೊಟ್ಟಿತು. ಒಂದು ಸೋಮವಾರ ಬೆಳಗ್ಗೆ ಬರುವ ಮೇಲ್ ಬರುತ್ತಿತ್ತು, ಹೋಗುವುದೆಲ್ಲ ವಾಪಸಾಗುತ್ತಿತ್ತು. ನಿಮ್ಮ ಸರ್ವರ್‌ನಿಂದ ಏನನ್ನೂ ಸ್ವೀಕರಿಸುವುದಿಲ್ಲ ಎಂಬ ಒಂದೇ ಉತ್ತರ. ಶುಕ್ರವಾರ ಮದ್ರಾಸ್ ಬಂದರಿನಿಂದ ಹಡಗು ಹೊರಡಲಿತ್ತು. ಅದರಲ್ಲಿ ಹೋಗಬೇಕಾದ ತಿರುಳಿನ ಪರೀಕ್ಷಾ ವರದಿ ಕಂಪನಿಯ ಮೇಲ್‌ನಿಂದಲೇ ಬರಬೇಕು, ಇಲ್ಲದಿದ್ದರೆ ಮಾಲು ಹತ್ತಿಸುವುದಿಲ್ಲ ಎಂದು ಕೊಳ್ಳುವವರು ತಾಕೀತು ಮಾಡಿದ್ದರು.

ಮ್ಯಾನೇಜರ್ ಚನ್ನರಾಯಪ್ಪ ಮಂಗಳವಾರ ಎಲ್ಲರೆದುರೇ, ಇವರೇ ಏನೋ ಅಳಿಸಿ ಹಾಕಿರಬೇಕು ಎಂದರು. ಸುಂದರಾಬಾಯಿ ಮೊದಲು ಫೋನ್ ಲೈನ್ ನೋಡಿದರು, ಸರಿಯಿತ್ತು. ಬುಧವಾರ ಇಡೀ ದಿನ ಸರ್ವರ್‌ನ ದಾಖಲೆಯ ಒಂದೊಂದೇ ಸಾಲು ಓದುತ್ತ ಹೋದಾಗ, ಕಾರ್ಖಾನೆಗೆ ಸಂಬಂಧವೇ ಇಲ್ಲದ ಹೆಸರುಗಳು ಕಂಡವು. ಯಾವ ದೇಶದವರೋ, ಯಾರ್ಯಾರೋ, ಸಾವಿರಾರು ಜಾಹೀರಾತುಗಳನ್ನು ಈ ಸರ್ವರ್ ಮೂಲಕ ಸಾಗಿಸಿದ್ದರು. ಯಾರು ಕೊಟ್ಟರೂ ತೆಗೆದುಕೊಂಡು ಮುಂದಕ್ಕೆ ಕಳಿಸುವಂತೆ ಅದನ್ನು ತಂದು ಕೂರಿಸಿದವರು ಮೊದಲ ದಿನವೇ ಹೊಂದಿಸಿಟ್ಟಿದ್ದರು. ಆ ಕಾರಣಕ್ಕೆ, ಇಂಥ ಜಾಹೀರಾತುಗಳನ್ನು ತಡೆಯುವ ಹೊರಗಿನವರು ಕಾರ್ಖಾನೆಯ ಹೆಸರನ್ನೇ ಕಪ್ಪುಪಟ್ಟಿಗೆ ಸೇರಿಸಿದ್ದರು.

ಸುಂದರಾಬಾಯಿ ತಮ್ಮ ಹದಿನಾಲ್ಕು ಕಂಪ್ಯೂಟರುಗಳನ್ನು ಬಿಟ್ಟು ಉಳಿದವರಿಗೆಲ್ಲ ದಾರಿ ಮುಚ್ಚಿದರು. ಪಟ್ಟಿಯಿಂದ ಹೆಸರು ತೆಗೆಯುವಂತೆ ಬೇರೊಂದು ವಿಳಾಸದಿಂದ ಬೇಡಿಕೊಂಡು ಬರೆದರು. ಗುರುವಾರ ಮಧ್ಯಾಹ್ನ ಮೇಲ್ ಹೊರಡತೊಡಗಿತು. ಅಷ್ಟರಲ್ಲಿ ರಾಯಲ್ಪಾಡಿನಿಂದ ಫೋನ್. ಪರೀಕ್ಷೆ ನಡೆಯುವ ಘಟಕ ಅಲ್ಲೇ ಇರುವುದು. ಅಲ್ಲಿನ ಲ್ಯಾಬಿನ ಕದಿರೇಶ್ ಹೊರಗಿನ ಲೈನಿನಿಂದ ಈ ಸರ್ವರ್ ಮೂಲಕವೇ ಮೇಲ್ ಕಳಿಸುವವನು, ಹಾಗಾಗಿ ಅವನಿಗೂ ದಾರಿ ಮುಚ್ಚಿ, ವರದಿ ಅಲ್ಲೇ ನಿಂತಿತ್ತು. ಅವನು ವರದಿ ತುಂಬಿ ಬಸ್ಸಿನಲ್ಲಿ ಕಳಿಸಿದ್ದ ಫ್ಲಾಪಿ ಇಲ್ಲಿ ತೆರೆಯಲೇ ಇಲ್ಲ.

ಮೊದಲಿದ್ದ ಹಾಗೇ ತೆರೆದುಬಿಡಿ ಎಂದು ಚನ್ನರಾಯಪ್ಪ ಅಪ್ಪಣೆ ಮಾಡಿದರು. ಅಂದು ಪ್ರಥಮ ಏಕಾದಶಿ. ಸುಂದರಾಬಾಯಿ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಅವರು ಆಗುವುದಿಲ್ಲ ಎಂದರು.

"ತೆಗೆದ್ರೆ ಮತ್ತೆ ಅವರೇ ಬರ್ತಾರೆ ಸಾರ್. ನಾಳೆ ಎಲ್ಲಾನೂ ನಿಲ್ಲುತ್ತೆ. ನಾನು ತೆಗೆಯಲ್ಲ. ಸಂಜೆವರ್ಗೂ ಟೈಮ್ ಕೊಡಿ."

"ಆಗ್ಲಿಲ್ಲ ಅಂದ್ರೆ?"

"ನಾಳೆಯಿಂದ ಬೇರೆಯವರನ್ನ ಕೂರಿಸ್ಕೊಳ್ಳಿ."

ಹೆಸರು, ಗುಟ್ಟಿನ ಪದ ಹೇಳಿದವರಿಗೆ ಮಾತ್ರ ಹೊರಗಿನಿಂದಲೂ ದಾರಿ ಬಿಡುವ ಏರ್ಪಾಡು ಸರ್ವರ್‌ನಲ್ಲೇ ಇತ್ತು. ಅದನ್ನು ಹುಡುಕಿ ಹೊಂದಿಸಲು ಮೂರು ಗಂಟೆ ಹಿಡಿಯಿತು. ಕದಿರೇಶ್‌ಗೆ ಫೋನಿನಲ್ಲೇ ಎಲ್ಲಿ ಒತ್ತಬೇಕು, ಏನು ಬರೆಯಬೇಕು ಎಂದು ಹೇಳುತ್ತ ಹೋದರು. ಮೂರು ಸಲ ತಪ್ಪಿತು. ಐದೂವರೆಗೆ ಅವನು ಮತ್ತೆ ಫೋನ್ ಮಾಡಿದ. "ಪೋಯಿಂದಮ್ಮಾ, ಹೋಯ್ತು. ಮದ್ರಾಸೋರು ಸಿಕ್ತು ಅಂದ್ರು."

ಸುಂದರಾಬಾಯಿ ಮೇಜಿನ ಮೇಲೆ ತಲೆಯಿಟ್ಟರು. ಪಕ್ಕದ ಕೋಣೆಯಿಂದ ಚನ್ನರಾಯಪ್ಪ ಮಾಲೀಕರಿಗೆ ಫೋನಿನಲ್ಲಿ, ಲೈನ್ ಕೆಟ್ಟಿತ್ತು, ಸರಿಹೋಯಿತು ಎನ್ನುವುದು ಕೇಳಿಸಿತು. ಆಮೇಲೂ ಯಾರೂ ಆ ಮಾತು ಎತ್ತಲಿಲ್ಲ. ಬೇಜಾರಾಗಲಿಲ್ಲವೇ ಎಂದರೆ, "ಆಯ್ತು. ಆದ್ರೆ ಅವತ್ತು ಸುಸ್ತು ಜಾಸ್ತಿ ಇತ್ತು" ಎನ್ನುತ್ತಾರೆ.

ಹಂಗಾಮು ಮುಗಿದ ಮೇಲೆ ಎಂಟು ದಿನ ರಜಾ ಕೇಳಬೇಕೆಂದಿದ್ದಾರೆ. ಎಲ್ಲಿಗೆ ಹೋಗುತ್ತೀರಿ ಎಂದೆ.

"ಎಲ್ಲಿಗೂ ಇಲ್ಲ ಸಾರ್. ಬೆಳಕು ಹರಿದ ಮೇಲೂ ಮಲಗಿರ್ಬೇಕು ಅಂತ ಆಸೆ. ಅಷ್ಟೇ."