ಭಾಗೀರಥಿಯವರ ಲಟಿಕೆ, ಕೌನ್ಸಿಲ್ಲಿನ ವಿಚಾರಣೆ

ಬೆಳಗಿನ ಆರೂವರೆ. ಇಂಗ್ಲೆಂಡಿನ ಡರ್ಬಿಯ ಒಂದು ವೃದ್ಧಾಶ್ರಮದಲ್ಲಿ ಭಾಗೀರಥಿಯವರು ತೊಂಬತ್ತೊಂದು ವರ್ಷದ ವಿನಿಫ್ರೆಡ್ ಅಜ್ಜಿಯ ತಲೆ ಬಾಚುತ್ತಿದ್ದಾರೆ. ಕೂದಲು ಒಂದು ಹಿಡಿಯೂ ಇಲ್ಲ, ಆದರೂ ಹತ್ತು ನಿಮಿಷ ಬೇಕು. ಅಜ್ಜಿಗೆ ಬೈತಲೆ ನೆಟ್ಟಗಿರಬೇಕು.

"ನಿನ್ನೆ ಸೊಟ್ಟ ಇತ್ತು, ಡಕ್," ಎನ್ನುತ್ತಾಳೆ ಅಜ್ಜಿ. ಈ ಊರಿನ ಹಳಬರು ಪ್ರೀತಿ ಬಂದರೆ ಯಾರನ್ನಾದರೂ ಬಾತುಕೋಳಿ ಮಾಡಿಬಿಡುತ್ತಾರೆ.

"ಬೈತಲೆ ನೆಟ್ಟಗೇ ಇತ್ತು, ನೀವು ಸೊಟ್ಟ ಕೂತಿದ್ರಿ."

ಬಾಚಿದ ಮೇಲೆ ಭಾಗೀರಥಿ ಎರಡೂ ಅಂಗೈಯಿಂದ ಅಜ್ಜಿಯ ಕೆನ್ನೆ ಸವರಿ, ಬೆರಳು ಮಡಚಿ ತಮ್ಮ ಕಣತಲೆಗೆ ಒತ್ತಿಕೊಳ್ಳುತ್ತಾರೆ. ಲಟಲಟ. ದೃಷ್ಟಿ ತೆಗೆದಾಯಿತು.

ಈ ಲಟಿಕೆಯೇ ಹೋದ ವರ್ಷ, ಎರಡು ಸಾವಿರದ ನಾಲ್ಕರಲ್ಲಿ, ಅವರ ಅನ್ನ ಕಳೆಯುವುದರಲ್ಲಿತ್ತು.

ಭಾಗೀರಥಿ ಗದಗದ ಕಡೆಯವರು. ಗಂಡ ಸೋಮಲಿಂಗಪ್ಪ ವಿಮಾನದ ಇಂಜಿನ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಇವರು ಆಶ್ರಮದ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷ. ಬೆಳಗಿನ ಪಾಳಿಯಲ್ಲಿ ಎಂಟರೊಳಗೆ ಒಂಬತ್ತು ಮಂದಿಯನ್ನು ಎಬ್ಬಿಸಿ, ಮೈ ಒರೆಸಿ, ಬಟ್ಟೆ ತೊಡಿಸಬೇಕು. ಹಲ್ಲಿನ ಸೆಟ್ಟು ಅದಲುಬದಲಾಗಬಾರದು. "ಒಮ್ಮೆ ಆಗಿತ್ರಿ. ಇಬ್ಬರೂ ಸಂಜಿತನಕ ಸುಮ್ಮನಿದ್ರು. ಇವತ್ತ ಊಟ ಭಾಳ ಚಲೋ ಆತು ಅಂದ್ರು!"

ಹೋದ ವರ್ಷದ ಆ ದಿನ ಅಜ್ಜಿಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಗೆದ ಬಟ್ಟೆ ಹಂಚುವ ಪಾಲೀನ್‌ಗೆ ಕಂಡದ್ದು ಅಜ್ಜಿಯ ಮುಖದ ಮೇಲೆ ಎರಡು ಕೈ. ಕೇಳಿದ್ದು ಮೂಳೆ ಮುರಿದ ಸದ್ದು. ನೋಡಿದ್ದನ್ನು ನೋಡಿದ ಹಾಗೇ ಬರೆದುಕೊಟ್ಟಳು. ಅಜ್ಜಿಯ ದವಡೆಗೆ ಎಕ್ಸ್‌ರೇ ಆಯಿತು, ಭಾಗೀರಥಿಗೆ ವಿಚಾರಣೆಯ ತನಕ ಮನೆಯಲ್ಲಿರಿ ಎಂದಾಯಿತು.

ನೋಡಿಕೊಳ್ಳುವವರೇ ಮುದುಕರ ಮೇಲೆ ಕೈ ಮಾಡಿದರೆ ಗತಿಯೇನು ಎಂದು ಆಗಷ್ಟೇ ಕಾನೂನು ಬಿಗಿಯಾಗಿತ್ತು. ತಪ್ಪು ಮಾಡಿದವರ ಹೆಸರು ಒಂದು ಪಟ್ಟಿ ಸೇರುತ್ತದೆ. "ಪಟ್ಟಿಗೆ ಹೋತಂದ್ರ ಮುಗೀತ್ರಿ. ಯಾವ ಆಶ್ರಮದಾಗೂ ಕೆಲಸಿಲ್ಲ. ನಾನು ಮುದುಕರನ್ನ ಹೊಡಿಯಾಕಿ ಅಂತ ಹೆಸರು ಉಳೀತದ," ಎನ್ನುತ್ತಾರೆ.

ಹನ್ನೊಂದು ದಿನ ಮನೆಯಲ್ಲಿ ಕೂತರು. ಕೂತರು ಎನ್ನುವುದು ಅವರ ಮಾತು. ಸೋಮಲಿಂಗಪ್ಪ ಹೇಳುವುದೇ ಬೇರೆ: "ನನಗ ಚಾರ್ಟ್ ಬರದಾಳ್ರಿ! ನೀರೆಷ್ಟು ಕುಡದೆ, ಸಂಡಾಸಕ್ಕ ಹೋದ್ನೋ ಇಲ್ಲೋ, ಮುಖದ ಮ್ಯಾಲೆ ನಗಿ ಐತೋ ಇಲ್ಲೋ. ಇಲ್ಲ ಅಂತ ಬರಕೋ ಅಂದೆ."

ಹನ್ನೆರಡನೇ ದಿನ ವಿಚಾರಣೆ. ನಗರ ಕೌನ್ಸಿಲ್ಲಿನ ಬೋಳುತಲೆಯ ಅಧಿಕಾರಿ ಅಜ್ಜಿಯನ್ನು ಒಬ್ಬಳನ್ನೇ ಕೂರಿಸಿ, ಆಕೆ ನಿಮಗೇನು ಮಾಡಿದಳು ಎಂದು ಮೆಲ್ಲಗೆ ಕೇಳಿದರು.

"ಹತ್ತಿರ ಬಾ, ಡಕ್."

ಬಗ್ಗಿದರು. ಅಜ್ಜಿ ಅವರ ಎರಡೂ ಕೆನ್ನೆ ಸವರಿ, ತನ್ನ ಕಣತಲೆಗೆ ಬೆರಳು ಒತ್ತಿಕೊಂಡಳು. ಸದ್ದು ಬರಲಿಲ್ಲ. "ನನ್ನದು ಮುರಿಯೋದಿಲ್ಲ. ಅವಳನ್ನ ಕರೆಸು."

ಭಾಗೀರಥಿಯನ್ನು ಕರೆಸಿದರು. ಹತ್ತು ಬೆರಳೂ ಒಟ್ಟಿಗೆ ಲಟಲಟ ಎಂದವು. ಯಾಕೆ ಹೀಗೆ ಎಂದರು ಅಧಿಕಾರಿ. "ಚೆಂದ ಇದ್ದವರಿಗೆ ದೃಷ್ಟಿ ತಾಗಬಾರದು ಅಂತ, ಸಾರ್."

"ಕೇಳಿದೆಯಾ? ಬರೆದುಕೋ," ಎಂದಳಂತೆ ಅಜ್ಜಿ.

ಅಧಿಕಾರಿ ನಿಜವಾಗಿಯೂ ಬರೆದರು. ಅಜ್ಜಿಯ ಆರೈಕೆಯ ಫೈಲಿನಲ್ಲಿ ಗುಳಿಗೆಗಳ ಕೆಳಗೆ ಆ ಸಾಲು ಇಂದಿಗೂ ಇದೆ: ದಿನಕ್ಕೊಮ್ಮೆ, ತಲೆ ಬಾಚಿದ ನಂತರ, ಲಟಿಕೆ. ಭಾಗೀರಥಿಯ ರಜೆಯ ದಿನ ಉಳಿದವರು ಅಭ್ಯಾಸ ಮಾಡುತ್ತಾರೆ. ಅಜ್ಜಿ ಯಾರನ್ನೂ ಪಾಸು ಮಾಡಿಲ್ಲ.

ಪಾಲೀನ್ ಮಾತ್ರ ಒಂದು ವಾರ ಮುಖ ತಪ್ಪಿಸಿ ಓಡಾಡಿದಳು. ಕೊನೆಗೆ ಭಾಗೀರಥಿಯೇ ಚಹಾ ಹಿಡಿದು ಹೋಗಿ, ಸಂಶಯ ಬಂದರೆ ಮತ್ತೆ ಬರೆ ಎಂದರು. ಅನ್ನಕ್ಕೇ ಕುತ್ತು ತಂದವಳಿಗೆ ಚಹಾ ಯಾಕೆ ಎಂದು ಸೋಮಲಿಂಗಪ್ಪನಿಗೆ ಇನ್ನೂ ಸಿಟ್ಟು.

"ಬರೀಬ್ಯಾಡ ಅಂತ ಹೆಂಗ ಅನ್ನಲ್ರಿ?" ಎನ್ನುತ್ತಾರೆ ಭಾಗೀರಥಿ. "ಇನ್ನ ಇಪ್ಪತ್ತು ವರ್ಷಕ್ಕ ಆ ಕುರ್ಚಿನ್ಯಾಗ ನಾನ ಕುಂತಿರ್ತೀನಿ. ಆವಾಗ ನನ್ನ ಮುಖದ ಮ್ಯಾಲೆ ಯಾರ ಕೈ ಐತಿ ಅಂತ ನಿಂತು ನೋಡಾಕಿ ಒಬ್ಬಾಕಿ ಇದ್ರ ಸಾಕು."