ಅತ್ತೆಯ ಹೊಟ್ಟೆ ಒಪ್ಪಿದ ಗೇರ್

ನನ್ನ ಎಡಮೊಣಕಾಲಿನ ಆಪರೇಷನ್ ಆದ ಮೇಲೆ ಡಾಕ್ಟರು, ಮಾಗಡಿ ರೋಡಿನ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿಯುವ ಕೆಲಸ ಇನ್ನು ಸಾಕು ಎಂದರು. ಹಾಗಾಗಿ ಆಟೋಮ್ಯಾಟಿಕ್ ಕಾರು ಕೊಳ್ಳುವುದೆಂದಾಯಿತು. ಅದರಲ್ಲಿ ಯಾವ ಬಗೆಯದು ಎನ್ನುವುದನ್ನು ಮಾತ್ರ ನನ್ನ ಸೋದರತ್ತೆಯ ಹೊಟ್ಟೆ ತೀರ್ಮಾನಿಸಬೇಕಾಗಿತ್ತು.

ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಬಸವೇಶ್ವರನಗರದ ನಮ್ಮ ಮನೆಯಲ್ಲೇ ಇದ್ದಾರೆ. ಪ್ರತಿ ಭಾನುವಾರ ಕೆಂಗೇರಿಯ ತಂಗಿಯ ಮನೆಗೆ ಹೋಗಲೇಬೇಕು. ಆದರೆ ಕಾರು ಹತ್ತಿದ ಹತ್ತನೇ ನಿಮಿಷಕ್ಕೆ ವಾಂತಿ.

"ಯಾವ ಕಾರಾದ್ರೂ ತಗೋ, ನನ್ ಹೊಟ್ಟೇನ ಒಂದ್ ಮಾತು ಕೇಳು," ಎಂದು ಅವರೂ ಶೋರೂಮಿಗೆ ಹೊರಟರು.

ಅಲ್ಲಿ ಮೂರು ಬಗೆಯ ಆಟೋಮ್ಯಾಟಿಕ್ ಕಾರುಗಳಿದ್ದವು. ಮೊದಲನೆಯದು ಎಎಂಟಿ. ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ಚನ್ನು ನಮ್ಮ ಬದಲು ಯಂತ್ರ ತುಳಿಯುತ್ತದೆ. ನಾನು ಓಡಿಸಿದೆ, ಸೇಲ್ಸ್‌ನವರು ಪಕ್ಕದಲ್ಲಿ, ಅತ್ತೆ ಹಿಂದೆ. ಪ್ರತಿ ಗೇರಿಗೂ ಕಾರು ಅರೆಗಳಿಗೆ ಉಸಿರು ಹಿಡಿಯುತ್ತಿತ್ತು. ಅತ್ತೆಯ ತಲೆ ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತಿತ್ತು. ಸೇಲ್ಸ್‌ನವರು ತಿರುಗಿ ನೋಡಿ, "ಮೈಲೇಜ್ ಸೂಪರ್, ಅಲ್ವಾ ಆಂಟಿ?" ಎಂದರು. ಎರಡನೇ ಗೇರು ಬಿತ್ತು, ಅತ್ತೆ ತಲೆಯಾಡಿಸಿದರು. "ಇದನ್ನೇ ಬುಕ್ ಮಾಡೋಣ್ವಾ?" ಮೂರನೇ ಗೇರು. ಮತ್ತೆ ತಲೆಯಾಡಿಸಿದರು. "ನೋಡಿ ಸಾರ್, ಒಪ್ಕೊಂಡೇಬಿಟ್ರು!"

ಅತ್ತೆ ಕಾರು ನಿಲ್ಲಿಸಲು ಹೇಳಿ, ಇಳಿದು, ಒಂದು ಮರ ಹಿಡಿದು ನಿಂತರು. ಬಾಯಿ ಒರೆಸಿಕೊಂಡು ಬಂದು, "ಒಪ್ಕೊಂಡಿದ್ದು ನಾನಲ್ಲ ಕಣೋ, ನನ್ ಕುತ್ತಿಗೆ," ಎಂದರು.

ಎರಡನೆಯದು ಡ್ಯುಯಲ್ ಕ್ಲಚ್. ಗೇರು ಬದಲಾದದ್ದೇ ತಿಳಿಯಲಿಲ್ಲ. ಅತ್ತೆಯ ಮುಖದಲ್ಲಿ ನಗು ಕಂಡಿತು. ವಿಜಯನಗರದ ಟ್ರಾಫಿಕ್ಕಿಗೆ ಸಿಕ್ಕಿದ ಕೂಡಲೇ ಆ ನಗು ಮಾಯವಾಯಿತು. ಇಂಚಿಂಚು ಸರಿಯುವಾಗ ಕಾರು ಸಣ್ಣಗೆ ಜಗ್ಗುತ್ತಿತ್ತು. ಅತ್ತೆ ಬಾಗಿಲು ತೆಗೆದು ಇಳಿದು ಫುಟ್‌ಪಾತ್ ಹಿಡಿದರು. ಆದರೂ ಪರೀಕ್ಷೆ ಬಿಡಲಿಲ್ಲ. ನಮ್ಮ ಪಕ್ಕದಲ್ಲೇ ನಡೆಯುತ್ತಾ, ಇದು ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದರು. ಸೇಲ್ಸ್‌ನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಂದು ಕ್ಲಚ್ಚಿಗೆ ಒಂದು, ಮೂರು, ಐದು, ಇನ್ನೊಂದಕ್ಕೆ ಎರಡು, ನಾಲ್ಕು, ಆರನೇ ಗೇರು ಎಂದು ವಿವರಿಸಿದರು.

"ಬೆಸ ಸಂಖ್ಯೆ ಒಂದ್ಕಡೆ, ಸಮ ಸಂಖ್ಯೆ ಒಂದ್ಕಡೆ. ಸರಿ. ರಿವರ್ಸ್ ಸೊನ್ನೆಗಿಂತ ಕಮ್ಮಿ ಅಲ್ವಾ, ಅದು ಯಾವ್ ಕಡೆ?"

ಸೇಲ್ಸ್‌ನವರು ಯೋಚಿಸುತ್ತಿರುವಾಗಲೇ ಅತ್ತೆ ನಮಗಿಂತ ಮೊದಲು ಸಿಗ್ನಲ್ ತಲುಪಿ ಕಾಯುತ್ತಾ ನಿಂತರು.

ಮೂರನೆಯದು ಸಿವಿಟಿ. ಅದರಲ್ಲಿ ಗೇರಿನ ಮೆಟ್ಟಿಲುಗಳೇ ಇಲ್ಲ, ಎರಡು ರಾಟೆಗಳ ನಡುವೆ ಬೆಲ್ಟು ಜಾರುತ್ತಾ ಹೋಗುತ್ತದೆ. ಜೋರಾಗಿ ತುಳಿದರೆ ಇಂಜಿನ್ ಮೊದಲು ಅರಚುತ್ತದೆ, ಕಾರು ಆಮೇಲೆ ಬರುತ್ತದೆ. "ಮಿಕ್ಸೀಲಿ ಚಟ್ನಿ ರುಬ್ಬಿದ ಹಾಗಿದೆ," ಎಂದರು ಅತ್ತೆ. ಆದರೆ ಜಗ್ಗಾಟವಿಲ್ಲ. ನಾಗರಬಾವಿಯವರೆಗೂ ಹೊಟ್ಟೆ ಸುಮ್ಮನಿತ್ತು, ಅಲ್ಲಿ ಸಣ್ಣಗೆ ತೊಳಸತೊಡಗಿತು.

"ಓಡ್ಸೋರಿಗೆ ಯಾಕೆ ವಾಂತಿ ಬರಲ್ಲ?" ಎಂದು ಅತ್ತೆ ಕೇಳಿದರು.

"ಯಾವಾಗ ತಿರುಗ್ಸ್ತೀವಿ, ಯಾವಾಗ ಬ್ರೇಕ್ ಹಾಕ್ತೀವಿ ಅಂತ ಅವ್ರಿಗೆ ಮೊದ್ಲೇ ಗೊತ್ತಿರತ್ತಲ್ಲ ಆಂಟಿ."

ಅತ್ತೆ ಬೆರಳು ಮಡಚಿ ಏನೋ ಎಣಿಸಿದರು. ಆಮೇಲೆ, "ಹಾಗಾದ್ರೆ ಲೆಕ್ಕ ತಪ್ಪಿದೆ. ಬದಲಾಯಿಸ್ಬೇಕಾಗಿರೋದು ಗೇರ್‌ಬಾಕ್ಸ್ ಅಲ್ಲ, ನನ್ ಸೀಟು," ಎಂದರು.

ತಮಾಷೆ ಅಂದುಕೊಂಡೆ. ಸಿವಿಟಿ ಬುಕ್ ಮಾಡಿದ ಮರುದಿನವೇ ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿದರು. ನೋಟ್‌ಬುಕ್ಕಿನಲ್ಲಿ ರಸ್ತೆಯ ಚಿತ್ರ ಬರೆದುಕೊಂಡು ರಿವರ್ಸ್ ಅಭ್ಯಾಸ ಮಾಡಿದರು. ಎರಡನೇ ಸಲಕ್ಕೆ ಲೈಸೆನ್ಸ್ ಸಿಕ್ಕಿತು.

ಮೊದಲ ಭಾನುವಾರ ಕೆಂಗೇರಿಗೆ ಅವರೇ ಓಡಿಸಿದರು, ನಾನು ಪಕ್ಕದಲ್ಲಿ ಕೂತಿದ್ದೆ. ವೇಗ ಮೂವತ್ತು ದಾಟಲಿಲ್ಲ. ಹಿಂದೆ ಹಾರ್ನ್ ಹೊಡೆದ ಆಟೋಗಳಿಗೆಲ್ಲ ಕೈ ಬೀಸಿ ದಾರಿ ಬಿಟ್ಟರು. ಹೊಟ್ಟೆಯ ಸುದ್ದಿಯೇ ಇರಲಿಲ್ಲ. ಅವರ ತಂಗಿ ವಾಡಿಕೆಯಂತೆ ಒಂದು ಚೊಂಬು ನೀರು ಹಿಡಿದು ಗೇಟಿನಿಂದ ಓಡಿ ಬಂದು, ಹಿಂದಿನ ಬಾಗಿಲು ತೆಗೆದು, ಖಾಲಿ ಸೀಟು ನೋಡಿ ಗಾಬರಿಯಾದರು.

"ಅಕ್ಕ ಎಲ್ಲೋ? ದಾರೀಲೇ ಇಳಿಸ್ಬಿಟ್ಯಾ?"

ಅತ್ತೆ ಡ್ರೈವರ್ ಸೀಟಿನಿಂದ ಉದ್ದಕ್ಕೆ ಹಾರ್ನ್ ಒತ್ತಿದರು.