ನಾ ಹಾಕದ ಪಿನ್ನು

ಚೆಂಬೂರಿನ ನಮ್ಮ ಬಿಲ್ಡಿಂಗಿನಾಗ ಹಬ್ಬ ಬಂತು ಅಂತ ನನಗ ಕ್ಯಾಲೆಂಡರ್ ಹೇಳಬೇಕಾಗಿಲ್ಲ. ಮುಂಜಾನೆದ್ದು ಚಹಾ ಕುಡಿಯೋದರಾಗ ಯಾರರೆ ಒಬ್ಬಾಕಿ ಪೆಟಿಕೋಟ್ ಮ್ಯಾಲ ದುಪಟ್ಟಾ ಹೊದ್ದು, ಕೈಯಾಗ ಸೀರಿ ಹಿಡಕೊಂಡು ಬಾಗಲದಾಗ ನಿಂತಿರತಾಳ. "ಆಂಟಿ, ಬಸ್ ಪಾಂಚ್ ಮಿನಿಟ್." ಐದು ಮಿನಿಟಿನಾಗ ಸೀರಿ ಸುತ್ತಲಿಕ್ಕೆ ಬರತದ, ಉಡಸಲಿಕ್ಕೆ ಬರೂದಿಲ್ಲ. ಲೋಕಲ್ ಹಿಡಿಯೋ ಅವಸರದಾಗ ಇದ್ದವರಿಗೆ ಈ ಫರಕ ಹೇಳಿ ಉಪಯೋಗಿಲ್ಲ.

ನವರಾತ್ರಿಯೊಳಗಂತೂ ಕೇಳಬ್ಯಾಡ್ರಿ. ಮುಂಬೈನಾಗ ದಿನಕ್ಕೊಂದು ಬಣ್ಣ. ಪೇಪರಿನಾಗ ಹಳದಿ ಅಂತ ಬಂದ್ರ ಇಡೀ ಲೇಡೀಸ್ ಡಬ್ಬಾ ಹಳದಿ. ಬೂದಿ ಬಣ್ಣದ ದಿನಾನೂ ಒಂದಿರತದ. ಆ ಬಣ್ಣ ದೇವಿಗೆ ಸೇರತದ ಅಂತ ಯಾರು ಹೇಳಿದ್ರೋ ಗೊತ್ತಿಲ್ಲ, ಅವತ್ತು ಎಲ್ಲಾರೂ ಅದನ್ನ ಉಡತಾರ. ನಾ ಧಾರವಾಡದಾಕಿ. ನೆರಿಗಿ ಹಿಡಿಯೋದು ನಮ್ಮವ್ವ ಕಲಿಸಿದ್ದು. ಗುಜರಾತಿ ಸೆರಗು, ಮರಾಠಿ ಕಾಷ್ಟಾ ಕಚ್ಚಿ ಬಿಲ್ಡಿಂಗ್ ಕಲಿಸಿತು. ನಂದೊಂದು ನೇಮ ಅದ: ಸೆರಗಿಗೆ ಒಂದಽ ಪಿನ್ನು. ಭುಜದ ಮ್ಯಾಲ, ಒಳಗಿಂದ, ಅಡ್ಡ. ಪಿನ್ನು ಕಾಣಬಾರದು, ರೇಷ್ಮಿಗೆ ತೂತು ಬೀಳಬಾರದು. ಅಷ್ಟಾದ್ರ ಅಕಿ ಲೋಕಲ್‌ನಾಗ ನೇತಾಡಿದ್ರೂ ಸೆರಗು ಜಾರೂದಿಲ್ಲ. ಬೇಕಾದಾಗ ಮುಂದ ಎಳಕೋಬೇಕಂದ್ರ ಆ ಒಂದು ಪಿನ್ನು ತಗದ್ರ ಸಾಕು.

ಯಜಮಾನರು ಹೋದಮ್ಯಾಲೂ ಈ ಕೆಲಸ ನಿಲ್ಲಲಿಲ್ಲ. ಸೀರಿ ಉಡಸಲಿಕ್ಕೆ ಮುತ್ತೈದಿನಽ ಬೇಕು ಅಂತ ಯಾರೂ ಅನ್ನಲಿಲ್ಲ, ಯಾಕಂದ್ರ ಮುತ್ತೈದಿಯರಿಗೆ ನೆರಿಗಿ ಹಿಡಿಯಲಿಕ್ಕೆ ಬರತಿರಲಿಲ್ಲ. ಆದ್ರ ಉಡಿಸಿ ಆದಮ್ಯಾಲ ಹೊರಗ ಹಾಲ್‌ನಾಗ ಅರಿಷಿಣ-ಕುಂಕುಮದ ತಾಟು ತಿರಗತದಲ್ಲ, ಅದು ಮಾತ್ರ ಫಾಸ್ಟ್ ಲೋಕಲ್ ಸಣ್ಣ ಸ್ಟೇಷನ್ ದಾಟಿದಂಗ ನನ್ನ ದಾಟಿ ಹೋಗತದ. ಅಷ್ಟೊತ್ತಿಗೆ ನಾನೂ ಅಡಿಗಿಮನ್ಯಾಗ ಏನರೆ ಕೆಲಸ ಹುಡುಕಿ ಇಟ್ಟಿರತೇನಿ. ಸಿಟ್ಟು ಬರತದ. ಬರೂದಿಲ್ಲ ಅಂದ್ರ ಸುಳ್ಳಾಗತದ.

ಹೋದ ವರ್ಷ ಮಗಳ ಕುಬಸ ಬಂತು. ತವರುಮನಿಯವರು ಬಸರಿಗೆ ಹಸರ ಸೀರಿ ಉಡಿಸಿ, ಹಸರ ಬಳಿ ಇಡಿಸಿ ಉಡಿ ತುಂಬೋ ಕಾರ್ಯ. ಅಕಿ ಸೆರಗು ಮುಂದ ಹಿಡಿದು ಕೂಡ್ರಬೇಕು, ಮುತ್ತೈದಿಯರು ಒಬ್ಬೊಬ್ಬರ ಬಂದು ಅದರಾಗ ಅಕ್ಕಿ, ಕೊಬ್ಬರಿ ಬಟ್ಟಲ, ಎಲಿ-ಅಡಕಿ, ಬ್ಲೌಸಿನ ಖಣ ಹಾಕಿ ಹರಸಬೇಕು. ನನಗ ಇದ್ದದ್ದು ಒಂದಽ ಆಸೆ. ಮಗಳ ಉಡಿಯೊಳಗ ನನ್ನ ಕೈಲೆ ಒಂದು ಹಿಡಿ ಅಕ್ಕಿ ಹಾಕಬೇಕು. ಒಂದು ಸಲ ಮಗಳ ಮುಂದ ಬಾಯಿಬಿಟ್ಟು ಅಂದೂ ಬಿಟ್ಟಿದ್ದೆ. ಅಷ್ಟರಾಗ ಧಾರವಾಡದಿಂದ ನಾದಿನಿ ಫೋನ್ ಮಾಡಿದ್ಲು.

"ವೈನಿ, ಒಳಗ ನೀವು ಸೀರಿ ಉಡಸ್ರಿ. ಹೊರಗ ಉಡಿ ತುಂಬೋದೆಲ್ಲಾ ನಾ ನೋಡಕೋತೇನಿ. ನಿಮಗ್ಯಾಕ ತ್ರಾಸು?"

ತ್ರಾಸಂತ! ಬೀಗರ ಮುಂದ ರಂಪ ಬ್ಯಾಡಂತ "ಹೂಂ" ಅಂದೆ. ಫೋನ್ ಇಟ್ಟು, ತೊಳದಿಟ್ಟಿದ್ದ ಪಾತ್ರಿ ಮತ್ತೊಮ್ಮೆ ತೊಳದೆ.

ಫೋನ್ ಸ್ಪೀಕರ್ ಮ್ಯಾಲಿತ್ತು, ತವರಿಗೆ ಬಂದಿದ್ದ ಮಗಳು ಬಾಗಲದಾಗ ನಿಂತು ಎಲ್ಲಾ ಕೇಳಿಸಿಕೊಂಡಿದ್ಲು. ಅಕಿಗೆ ಕನ್ನಡ ಪೂರಾ ತಿಳೀತದ, ಮಾತಾಡಲಿಕ್ಕೆ ಹೋದ್ರ ಅರ್ಧ ದಾರ್‍ಯಾಗ ಹಿಂದಿ ಬಂದು ಕೂಡ್ರತದ. "ಮಮ್ಮಿ, ಯೇ ಕ್ಯಾ ಹೈ?" ಅಂದ್ಲು. "ಪದ್ಧತಿ," ಅಂದೆ. "ಏನರೆ ಬಯಕಿ ಇದ್ರ ಹೇಳವಾ, ಮಾಡಿ ಹಾಕತೇನಿ. ಬಸರಿ ಬಯಕಿಗೆ ಯಾರೂ ಇಲ್ಲ ಅನ್ನಬಾರದು." ಇದು ನನ್ನ ದಿನದ ಪ್ರಶ್ನೆ. "ಅಭೀ ನಹೀ," ಅನ್ನೋದು ಅಕಿದು ದಿನದ ಉತ್ತರ.

ಕುಬಸದ ದಿನ ನನ್ನ ಕುಬಸಕ್ಕ ಉಟ್ಟ ಹಸರ ಇಳಕಲ್ ಸೀರಿನಽ ಅಕಿಗೆ ಉಡಿಸಿದೆ. ಕೆಂಪು ರೇಷ್ಮಿ ಸೆರಗು, ಅದರಾಗ ಬಿಳಿ ತೆನಿ ಚಿತ್ತಾರ. ಹೊಟ್ಟಿ ಮುಂದ ಬಂದಿತ್ತು, ನೆರಿಗಿ ಸ್ವಲ್ಪ ಮ್ಯಾಲ ಹಿಡದೆ. ಭುಜಕ್ಕ ಒಂದು ಪಿನ್ನು ಹಾಕಿದೆ. ಎಷ್ಟು ಛಂದ ಕಂಡ್ಲು ಅಂದ್ರ, ನೆದರು ಆಗಬಾರದಂತ ಉಪ್ಪು ನಿವಾಳಿಸಿದೆ. ಆಮ್ಯಾಲ ಅಕಿ ನನ್ನ ಹೊರಗ ಕಳಿಸಿ, ಬಾಗಲಾ ಹಾಕ್ಕೊಂಡು ಒಳಗ ಒಬ್ಬಾಕಿನಽ ಉಳದ್ಲು. ಸೆಲ್ಫಿ ತಗೋತಾಳ ಅಂತ ತಿಳಕೊಂಡೆ.

ಹಾಲ್‌ನಾಗ ಕುರ್ಚಿ ಮ್ಯಾಲ ಕೂಡ್ರಿಸಿದ್ರು. ನಾದಿನಿ ಬಿದರಿನ ಮೊರದ ತುಂಬ ಅಕ್ಕಿ ಹಿಡಕೊಂಡು ಮುಂದ ಬಂದು, "ಸೆರಗು ಮುಂದ ಹಿಡಿಯವಾ," ಅಂದ್ಲು.

"ಬರವಲ್ದು, ಅತ್ತಿ."

ನಾ ಅಡಿಗಿಮನಿ ಬಾಗಲದಿಂದ ಒದರಿದೆ. "ಭುಜದ ಮ್ಯಾಲ ಒಂದಽ ಪಿನ್ನದ. ತಗೀರಿ, ಬರತದ."

ನಾದಿನಿ ತಗದ್ಲು. ಸೆರಗು ಬರಲಿಲ್ಲ. ವಿಲೆ ಪಾರ್ಲೆಯಿಂದ ಬಂದಿದ್ದ ಬೀಗಿತ್ತಿ ಬಗ್ಗಿ ನೋಡಿ, ಎಲ್ಲೋ ಸಿಕ್ಕೊಂಡದ ಅಂತ ಮರಾಠಿಯೊಳಗ ಅಂದು ಕೈಬಿಟ್ಲು. ನಾದಿನಿ ಸೆರಗಿನ ತುದಿ ಹಿಡಿದು ಜಗ್ಗಿದ್ಲು. ರೇಷ್ಮಿ ಬಿಗೀತು. ನಾ ಬಾಗಲದಿಂದನಽ ಚೀರಿದೆ.

"ಜಗ್ಗಬ್ಯಾಡ್ರೀ! ಹರೀತದ!"

"ಹಂಗಾದ್ರ ನೀವಽ ಬರ್ರಿ," ಅಂದ್ಲು ನಾದಿನಿ. "ನಿಮ್ಮ ಪಿನ್ನು ನಿಮಗಽ ಗೊತ್ತು."

ಕೈ ಒರಸಿಕೋತ ಮುತ್ತೈದಿಯರ ನಡುವ ಹೋದೆ. ಮಗಳ ಭುಜದ ಹಿಂದ ಕೈ ಹಾಕಿದ್ರ ಅಲ್ಲೊಂದು ಪಿನ್ನು. ಉದ್ದಕ್ಕ ಚುಚ್ಚಿದ್ದು, ಎರಡು ಪದರು ರೇಷ್ಮಿ ದಾಟಿ ಬ್ಲೌಸಿಗೆ ಹೊಕ್ಕಿದ್ದು. ನಾ ಸತ್ತರೂ ಇಂಥಾ ಪಿನ್ನು ಹಾಕಾಕಿ ಅಲ್ಲ. ಮಗಳ ಮಾರಿ ನೋಡಿದೆ. ಅಕಿ ಫ್ಯಾನ್ ನೋಡತಿದ್ಲು. ಆರತಿ ದೀಪ ಆರತದಂತ ಆ ಫ್ಯಾನ್ ಮೊದಲಽ ಬಂದ್ ಮಾಡಿದ್ವಿ.

ಪಿನ್ನು ಬಿಡಿಸಿದೆ, ಸೆರಗು ಮುಂದ ತಂದು ಅಕಿ ಉಡಿಯೊಳಗ ಹರವಿದೆ, ತಿರುಗಿ ಹೊಂಟೆ. ಅಕಿ ನನ್ನ ಮುಂಗೈ ಹಿಡದ್ಲು.

"ಮಮ್ಮಿ, ಮೊದಲು ನೀ ಹಾಕು." ಆಮ್ಯಾಲ ನಾದಿನಿ ಕಡೆ ನೋಡಿ, ಒಂದೊಂದಽ ಶಬ್ದ ಆರಿಸಿ ಅಂದ್ಲು. "ಅತ್ತಿ, ಇದು ನನ್ನ ಬಯಕಿ."

ನಾದಿನಿ ನನ್ನ ಮಾರಿ ನೋಡಿದ್ಲು, ಅಕಿ ಹೊಟ್ಟಿ ನೋಡಿದ್ಲು. ಪದ್ಧತಿ ಬಲ್ಲಾಕಿ ನಮ್ಮ ನಾದಿನಿ. ಬಯಕಿಗೆ ಇಲ್ಲ ಅನ್ನೋದು ಎಲ್ಲ್ಯರೆ ಅದಯೇನು ಅಂತ ಮನಸಿನೊಳಗ ಭಾಳ ಹುಡುಕಿರಬೇಕು. ಕಡೀಕ ಅಕ್ಕಿ ಮೊರ ನನ್ನ ಮುಂದ ಹಿಡದ್ಲು.

"ತಗೋರಿ ವೈನಿ. ಹಿಡಿ ತುಂಬ ತಗೋರಿ."

ನಾ ಹಾಕಿದೆ. ನನಗ ಅಳು ಬಂತು, ತಡಕೊಳ್ಳಲಿಲ್ಲ. ಇಳಕಲ್ ಮ್ಯಾಲ ಕಣ್ಣೀರು ಬಿದ್ರ ಕಲಿ ಉಳಿಯೂದಿಲ್ಲ.

ಸಂಜಿಕ ಸೀರಿ ಬಿಡಿಸಿ ಕಿಡಕಿ ಬೆಳಕಿಗೆ ಹಿಡದ್ರ ಕೆಂಪು ಸೆರಗಿನಾಗ ಎರಡು ತೂತು. ಮಗಳನ್ನ ಛಲೋತ್ನ್ಯಾಗಿ ಬೈದೆ. "ಹಿಂಗ ಹಾಕತಾರೇನ ಪಿನ್ನು? ನನ್ನ ಹೊಟ್ಟ್ಯಾಗ ಹುಟ್ಟಿ ಇದನ್ನ ಕಲತಿ?" ಅಕಿ "ಸಾರಿ ಮಮ್ಮಿ" ಅಂತ ನಕ್ಕೋತ ಹೋಳಿಗಿ ತಿಂದ್ಲು.

ರಫೂ ಮಾಡಾವ ಸ್ಟೇಷನ್ ಹತ್ರ ಕೂಡ್ರತಾನ, ತೂತು ಇತ್ತು ಅಂತನೂ ಗೊತ್ತಾಗದಂಗ ಮುಚ್ಚತಾನ. ದಿನಾ ಅವನ ಮುಂದಽ ಹಾದು ಕಾಯಿಪಲ್ಲೆ ತರತೇನಿ. ಸೀರಿ ಇನ್ನೂ ಒಯ್ದಿಲ್ಲ.